ನರದ ಬೆಂಚು

ನಮ್ಮ ಅಕ್ಕೋರ ಬಲಗೈ ತೋರುಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಬಿಳಿ ಗೆರೆ ಇರುತ್ತಿತ್ತು. ಸೀಮೆಸುಣ್ಣದ ಪುಡಿ. ಭಾನುವಾರ ಪೇಟೆಯಲ್ಲಿ ಬದನೆಕಾಯಿ ಆರಿಸುವಾಗಲೂ ಅದು ಅಲ್ಲಿರುತ್ತಿತ್ತು, ಮದುವೆಮನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತಾಗಲೂ ಇರುತ್ತಿತ್ತು. ಆ ಕೈಯಿಂದ ಅವರು ಕರಿಹಲಗೆಯ ಮೇಲೆ ವೃತ್ತ ಎಳೆಯುವುದನ್ನು ನೋಡಬೇಕಿತ್ತು. ಕೈವಾರವಿಲ್ಲ, ದಾರವಿಲ್ಲ. ಭುಜ ಒಂದು ಸುತ್ತು ತಿರುಗುತ್ತಿತ್ತು, ಗೆರೆ ಹೊರಟ ಜಾಗಕ್ಕೇ ಬಂದು ಸೇರಿಕೊಳ್ಳುತ್ತಿತ್ತು. ಸೇರಿದ ಕೂಡಲೇ ಅವರು ತಮ್ಮ ಮನೆಮಾತು ಕೊಂಕಣಿಯಲ್ಲಿ "ಜಾಲ್ಲೆಂ" ಎನ್ನುತ್ತಿದ್ದರು. ಆತು, ಮುಗೀತು ಎಂದರ್ಥ. ನಮಗೆ ಮಾತ್ರ ಆ ಮಾತು ಕೇಳಿದರೆ ಪಾಠ ಶುರುವಾಯಿತು ಎಂದು ಲೆಕ್ಕ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕುಮಟಾದ ನಮ್ಮ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ನಮ್ಮ ಕಡೆ ಗಂಡು ಶಿಕ್ಷಕರು ಮಾಸ್ತರು, ಹೆಣ್ಣಾದರೆ ಅಕ್ಕೋರು. ಶಾಲೆಯಲ್ಲಿ ಬೇರೆ ಅಕ್ಕೋರುಗಳೂ ಇದ್ದರು, ಆದರೆ ಬರೀ "ಅಕ್ಕೋರು" ಎಂದರೆ ಇವರೇ. ಹೊನ್ನಾವರದವರು. ಉದ್ದ, ಸಪೂರ ಮೈ. ಬಿಸಿಲಿರಲಿ, ಮಳೆಯಿರಲಿ, ಎರಡೂ ಇಲ್ಲದಿರಲಿ, ಕಂಕುಳಲ್ಲಿ ಕರಿ ಕೊಡೆ. ತಮಾಷೆ ಹೇಳಹೊರಟರೆ ಅವರಿಗೆ ನಗು ಮೊದಲು ಬರುತ್ತಿತ್ತು, ತಮಾಷೆ ಆಮೇಲೆ. ಕೆಲವು ಸಲ ನಕ್ಕು ನಕ್ಕು ತಮಾಷೆ ಬಾಯಿಂದ ಹೊರಗೆ ಬರುತ್ತಲೇ ಇರಲಿಲ್ಲ. ಆದರೂ ನಾವು ನಗುತ್ತಿದ್ದೆವು.

ನಮ್ಮದು ಕುಮಟಾದ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಭತ್ತ, ಆಮೇಲೆ ಅದೇ ಗದ್ದೆಯಲ್ಲಿ ಈರುಳ್ಳಿ. ನಮ್ಮ ಕಡೆಯ ಈರುಳ್ಳಿ ಸಿಹಿ. ಒಣಗಿದ ಎಲೆಗಳನ್ನು ಜಡೆಯಂತೆ ಹೆಣೆದು, ಗೊಂಚಲು ಕಟ್ಟಿ, ಅಡಿಗೆಮನೆಯಲ್ಲಿ ಹೊಗೆ ತಾಗುವ ಕಡೆ ನೇತುಹಾಕುತ್ತಾರೆ. "ಪ್ರಯೋಗಕ್ಕೆ ಒಳ್ಳೆ ನೀರುಳ್ಳಿ ಬೇಕು" ಎಂದು ಅಕ್ಕೋರು ಕೇಳಿದ್ದೇ ತಡ, ನಾನು ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಗೊಂಚಲನ್ನೇ ಹೊತ್ತುಕೊಂಡು ಹೋದೆ. ಅದು ನನ್ನ ತಾಯಿ, ಅವ್ವಿ, ಬೀಜಕ್ಕೆಂದು ಇಟ್ಟದ್ದು ಎಂದು ನನಗೇನು ಗೊತ್ತು? ಅಕ್ಕೋರು ಶಾಯಿ ಬಾಟಲಿಗಳಲ್ಲಿ ನೀರು ತುಂಬಿ, ಬಾಯಿಗೆ ಒಂದೊಂದು ಗಡ್ಡೆ ಕೂರಿಸಿ, ಕಿಟಕಿಯಲ್ಲಿ ಸಾಲಾಗಿ ಇಟ್ಟರು. ಬಿಳಿ ಬೇರು ಇಳಿಯಿತು. ಬೇರಿನ ತುದಿಯಲ್ಲಿ ಜೀವಕೋಶ ಒಡೆದು ಎರಡಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸುವ ದಿನವೇ ಅವ್ವಿ ಶಾಲೆಗೆ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಎಂತ ಅಕ್ಕೋರೆ, ನನ್ನ ಬೀಜದ ನೀರುಳ್ಳಿನ ಬಾಟ್ಲಿ ಮೇಲೆ ಕೂರ್ಸಿದ್ರಲ್ಲ! ಇದೆಂತ ಓದು?"

"ಬೈಯೂದು ಆಮೇಲೆ ಬೈಯಿ ಅಕ್ಕಾ, ಮೊದ್ಲು ಇದ್ನ ನೋಡು" ಎಂದು ಅಕ್ಕೋರು ಅವಳನ್ನು ಭುಜ ಹಿಡಿದು ಸೂಕ್ಷ್ಮದರ್ಶಕದ ಮುಂದೆ ಬಗ್ಗಿಸಿದರು. ಅವ್ವಿ ಒಂದು ಕಣ್ಣು ಮುಚ್ಚಲು ಬಾರದೆ ಕೈಯಿಂದ ಮುಚ್ಚಿಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ಅಣ್ಣ ತಮ್ಮ ಹಿಸ್ಸೆ ಆದಂಗೇ ಅದೆ. ನಡುವೆ ಗೋಡೆ ಹಾಕ್ತಾ ಅವೆ."

ನಮ್ಮ ಕಡೆ ಮನೆ, ಗದ್ದೆ ಪಾಲಾಗುವುದಕ್ಕೆ ಹಿಸ್ಸೆ ಎನ್ನುತ್ತಾರೆ. ಅಕ್ಕೋರಿಗೆ ನಗು ಬಂದೇ ಬಿಟ್ಟಿತು. "ಹೌದು ಅಕ್ಕಾ. ಜಗಳ ಇಲ್ದೆ ಆಗೂ ಹಿಸ್ಸೆ ಇದೊಂದೇ ಸೈ!" ಎಂದರು. ಅವ್ವಿಯೂ ನಕ್ಕಳು. ಬೈಯಲು ಬಂದವಳು ಮುಂದಿನ ವಾರ ತಾನೇ ಇನ್ನೊಂದು ಗೊಂಚಲು ಕಳಿಸಿದಳು. ಅಂದಿನಿಂದ ನಮ್ಮ ತರಗತಿಯಲ್ಲಿ ಕೋಶವಿಭಜನೆ ಎನ್ನುವ ಪಠ್ಯಪುಸ್ತಕದ ಮಾತು ಸತ್ತುಹೋಗಿ, ಹಿಸ್ಸೆ ಎನ್ನುವುದೇ ಉಳಿಯಿತು.

ಆ ಪಾಠದ ಬೆನ್ನಿಗೇ ಒಬ್ಬ ಹುಡುಗ ಕೇಳಿದ: "ಅಕ್ಕೋರೆ, ನಮ್ಮ ಮೈಯಲ್ಲಿರೂ ಕೋಶ ಎಲ್ಲಾ ಒಟ್ಟಿಗೇ ಹಿಸ್ಸೆ ಆಗ್ತದ್ಯಾ?"

"ಕುಮಟಾದವ್ರೆಲ್ಲಾ ಒಟ್ಟಿಗೇ ಒಂದೇ ಬಸ್ಸು ಹತ್ತಿದ್ರೆ ಎಂತ ಗತಿ? ಏಳಿ, ಆಡ್ವಾ" ಎಂದರು ಅಕ್ಕೋರು.

ಆ ಆಟವನ್ನು ನಾನು ಈಗಲೂ ಕಣ್ಣಾರೆ ಕಾಣಬಲ್ಲೆ. ಒಂದು ಗಳಿಗೆ ಕೂತಲ್ಲಿ ಕೂರದ ಹುಡುಗರ ಬೆಂಚನ್ನು ಅವರು ಕರುಳಿನ ಒಳಪೊರೆ ಮಾಡಿದರು. ಡಸ್ಟರಿನಿಂದ ಮೇಜಿಗೆ ಬಡಿದಾಗಲೆಲ್ಲ ಅವರು ಎದ್ದು ಕೂರಬೇಕು, ಯಾಕೆಂದರೆ ಅಲ್ಲಿಯ ಕೋಶಗಳು ನಾಲ್ಕೈದು ದಿನಕ್ಕೆಲ್ಲ ಸವೆದು ಹೊಸಬು ಬರುತ್ತವೆ. ಮುಂದಿನ ಹುಡುಗಿಯರು ಚರ್ಮ, ತಿಂಗಳಿಗೊಮ್ಮೆ ಹೊಸದಾಗುವವರು, ಅವರು ನಿಧಾನಕ್ಕೆ ಏಳಬೇಕು. ಬಾಗಿಲ ಹತ್ತಿರದ ಬೆಂಚು ಎಲುಬಿನೊಳಗಿನ ಮಜ್ಜೆ. ರಕ್ತದ ಕೆಂಪು ಕೋಶಗಳು ತಾವು ಹಿಸ್ಸೆಯಾಗಲಾರವು, ಮಜ್ಜೆಯೇ ಹಗಲೂ ರಾತ್ರಿ ಹುಟ್ಟಿಸಿ ಕಳಿಸಬೇಕು, ಹಾಗಾಗಿ ಆ ಬಡಪಾಯಿಗಳಿಗೆ ಕೂರುವ ಅವಕಾಶವೇ ಇಲ್ಲ. ಹಿಂದಿನ ಬೆಂಚಿನ ಸೋಮಾರಿಗಳು ಯಕೃತ್ತು. "ನೀವು ಮಲಗಿ. ಪೆಟ್ಟು ಬಿದ್ರೆ ಮಾತ್ರ ಏಳಿ" ಎಂದರು. ಅವರು ನಿಜಕ್ಕೂ ಮಲಗಿದರು. ಆಟದ ನಡುವೆ ಅಕ್ಕೋರು ಹೋಗಿ ಆ ಬೆಂಚಿಗೆ ಡಸ್ಟರು ಕುಟ್ಟಿದ್ದೇ, ಯಕೃತ್ತು ಧಡ್ಡನೆ ಎದ್ದು ಕುಣಿಯತೊಡಗಿತು. ಕಳೆದದ್ದು ತುಂಬಿದ ಮೇಲೆ "ಸಾಕು" ಎಂದರೆ ಮತ್ತೆ ನಿದ್ದೆ.

ನಾನು ಕೂತದ್ದು ಮೂರನೆಯ ಬೆಂಚು. ಅದು ನರ. ನರದ ಬೆಂಚಿನವರು ಏಳುವಂತೆಯೇ ಇಲ್ಲ. ಇಡೀ ತರಗತಿ ಎದ್ದು ಬಿದ್ದು ಧೂಳೆಬ್ಬಿಸುತ್ತಿದೆ, ನಾವು ಮೂವರು ಮಾತ್ರ ಕೈಕಟ್ಟಿ ಕೂತಿದ್ದೇವೆ. ನನ್ನಂಥ ವಾಚಾಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

"ನಾವೆಂತ ಪಾಪ ಮಾಡಿದ್ದು ಅಕ್ಕೋರೆ?" ಎಂದು ಅರ್ಧ ಎದ್ದೆ.

ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಕೂರಿಸಿದರು. "ನೀನು ನರ. ನಿಂಗೆ ಹಿಸ್ಸೆ ಇಲ್ಲ. ಉಳಿದವ್ರೆಲ್ಲಾ ಹೊಸಬ್ರಾಗ್ತಾ ಹೋಗ್ತಾರೆ, ನೀನು ಕಡೆ ತನಕ ನೀನೇ. ಎಲ್ರೂ ಎದ್ದು ಕುಣಿದ್ರೆ ನೆನಪಿಟ್ಕಳೂರು ಯಾರು? ಏಳ್ಬೇಡ."

ಅಷ್ಟರಲ್ಲಿ ಗದ್ದಲ ಕೇಳಿ ಹೆಡ್‌ಮಾಸ್ತರು ಓಡಿಬಂದರು. ಸಿಟ್ಟಿನ ಮನುಷ್ಯರೆಂದು ಹೆಸರಾದವರು. ಬಾಗಿಲಲ್ಲಿ ನಿಂತು ಬಾಯಿ ತೆರೆಯುವ ಮೊದಲೇ ಅಕ್ಕೋರು, "ನೀವು ಬಂದದ್ದು ಒಳ್ಳೇದಾತು ಮಾಸ್ತರೆ. ಹೃದಯದ ಜಾಗ ಖಾಲಿ ಅದೆ. ಹೃದಯದ ಸ್ನಾಯೂ ಹೆಚ್ಚುಕಮ್ಮಿ ನರದ ಹಂಗೇ, ಏಳೂದಿಲ್ಲ. ಇಲ್ಲೇ ಕುತ್ಕಳಿ" ಎಂದು ನಮ್ಮ ಬೆಂಚಿನ ತುದಿ ತೋರಿಸಿದರು. ಹೆಡ್‌ಮಾಸ್ತರು ಒಂದು ಕ್ಷಣ ನಿಂತರು. ಆಮೇಲೆ ಬಂದು ನನ್ನ ಪಕ್ಕ ಕೂತರು. ಗಂಟೆ ಹೊಡೆಯುವ ತನಕ ಏಳಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ, ಇಳಿತದ ಹೊತ್ತು ನೋಡಿ, ಅಕ್ಕೋರು ನಮ್ಮನ್ನು ಅಘನಾಶಿನಿಯ ಅಳಿವೆಗೆ ಕರೆದುಕೊಂಡು ಹೋದರು. ನೀರು ಸರಿದ ಕೆಸರಿನಲ್ಲಿ ಹೆಂಗಸರು ಚಿಪ್ಪಿಕಲ್ಲು ಹೆಕ್ಕುತ್ತಿದ್ದರು. ಚಿಪ್ಪಿನೊಳಗಿನ ಪ್ರಾಣಿಯನ್ನು ತೋರಿಸುತ್ತೇನೆಂದು ಅಕ್ಕೋರು ಒಂದು ದೊಡ್ಡ ಚಿಪ್ಪನ್ನು ಎಡಗೈಯಲ್ಲಿ ಹಿಡಿಯುವ ಬದಲು, ನಮಗೆಲ್ಲ ಕಾಣಲೆಂದು, ಬಲಗೈಯಲ್ಲಿ ಎತ್ತಿ ಹಿಡಿದು ಎಡಗೈಯಿಂದ ಚಾಕು ತೂರಿಸಿದರು. ಒದ್ದೆ ಚಿಪ್ಪು ಜಾರಿತು. ಚಾಕು ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡದ ಪಕ್ಕ, ಆಳಕ್ಕೆ ಇಳಿಯಿತು. ಚಿಪ್ಪಿ ಹೆಕ್ಕುವ ಹೆಂಗಸೊಬ್ಬಳು ಓಡಿಬಂದು ತನ್ನ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಬಿಗಿದಳು. ಅಕ್ಕೋರ ಮುಖ ಸುಣ್ಣದ ಹಾಗಾಗಿತ್ತು. ಆದರೂ ಕೆಳಗೆ ಬಿದ್ದ ಚಿಪ್ಪನ್ನು ನೋಡಿ, "ಅದು ಮುಚ್ಕಂಡೇ ಅದೆ. ಗೆದ್ದದ್ದು ಅದೇ" ಎಂದರು.

ಊರಿನ ಡಾಕ್ಟರು ನೋಡಿ, ನರ ಕಡಿದಿದೆ ಎಂದು ಘಟ್ಟದ ಮೇಲಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ನರದ ತುಂಡುಗಳನ್ನು ಕೂಡಿಸಿ ಹೊಲಿದರಂತೆ. ಕೆಲವು ವಾರ ಕಳೆದು ಅಕ್ಕೋರು ತರಗತಿಗೆ ಬಂದಾಗ ಗಾಯದ ಮೇಲೆ ಹೊಸ ಗುಲಾಬಿ ಚರ್ಮ ಬಂದಾಗಿತ್ತು. "ಚರ್ಮದ ಬೆಂಚಿನವ್ರು ಭಾರೀ ಚುರುಕು" ಎಂದು ಮುಂದಿನ ಹುಡುಗಿಯರಿಗೆ ಶಾಭಾಸ್ ಕೊಟ್ಟರು. ಹಲಗೆಯ ಕಡೆ ತಿರುಗಿ ಸೀಮೆಸುಣ್ಣ ಎತ್ತಿಕೊಂಡರು. ಅದು ಕೆಳಗೆ ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ಬೆರಳು ಮಡಚುತ್ತಿತ್ತು, ಆದರೆ ಹಿಡಿದದ್ದು ಇದೆಯೋ ಬಿದ್ದಿದೆಯೋ ಬೆರಳಿಗೆ ತಿಳಿಯುತ್ತಿರಲಿಲ್ಲ. ಎಡಗೈಯಲ್ಲಿ ಎಳೆದ ವೃತ್ತ ಹಲಸಿನಕಾಯಿಯ ಹಾಗೆ ಬಂತು. ಅವರು ಜಾಲ್ಲೆಂ ಎನ್ನಲಿಲ್ಲ. ಅವರ ಉಗುರು ಅಂದು ತೊಳೆದ ಹಾಗೆ ಶುಭ್ರವಾಗಿತ್ತು.

ನಮ್ಮ ಕಷ್ಟವೆಂದರೆ, ನಾವು ಪಾಠ ಚೆನ್ನಾಗಿ ಕಲಿತಿದ್ದೆವು. ನರಕ್ಕೆ ಹಿಸ್ಸೆ ಇಲ್ಲ. ಹೋದದ್ದು ಹೋಯಿತು. ಕೊನೆಗೆ ನಾನೇ ಅಳುತ್ತಾ ಅದನ್ನು ಬಾಯಿಬಿಟ್ಟು ಹೇಳಿದೆ. ಅಕ್ಕೋರು ಬಂದು ನನ್ನ ಬೆಂಚಿನಲ್ಲೇ ಕೂತರು.

"ನರಕೋಶದ ಮನೆ ಎಲ್ಲದೆ ಹೇಳು? ಬೆನ್ನುಹುರಿ ಹತ್ರ. ಅಲ್ಲಿಂದ ಬೆರಳ ತುದಿ ತನಕ ಬಂದದ್ದು ಅದ್ರ ಬಳ್ಳಿ. ಕಡ್ದದ್ದು ಬಳ್ಳಿ, ಬುಡ ಅಲ್ಲ. ಬುಡಕ್ಕೆ ಹಿಸ್ಸೆ ಇಲ್ಲ, ಹೌದು. ಆದ್ರೆ ಬಳ್ಳಿ ಚಿಗುರ್ತದೆ. ತಿಂಗಳಿಗೆ ಒಂದಂಗುಲ ಬಂದ್ರೆ ಪುಣ್ಯ."

"ಬರ್ತದೆ ಅಲ್ದಾ ಅಕ್ಕೋರೆ?"

"ಬಂದ್ರೂ ಬಂತು, ನಡುವೆ ದಾರಿ ತಪ್ಪಿದ್ರೂ ತಪ್ತು. ಡಾಕ್ಟ್ರು ಮಾತು ಕೊಡ್ಲಿಲ್ಲ." ಆಮೇಲೆ ನನ್ನ ಕೆನ್ನೆ ಒರೆಸಿ, "ನೀನು ನರದ ಬೆಂಚಿನವಳಲ್ದಾ? ಎಲ್ಲಿ ತನಕ ಬಂತು ಅಂತ ನೀನೇ ಮುಟ್ಟಿ ನೋಡು" ಎಂದರು.

ಹೀಗೆ ಶನಿವಾರದ ಪರೀಕ್ಷೆ ಶುರುವಾಯಿತು. ಅಕ್ಕೋರು ಕಣ್ಣು ಮುಚ್ಚಿ ಕೈಯನ್ನು ಮೇಜಿನ ಮೇಲೆ ಚಾಚುತ್ತಿದ್ದರು. ನಾನು ಈರುಳ್ಳಿಯ ಪದರಗಳ ನಡುವಿನ ತೆಳು ಸಿಪ್ಪೆಯನ್ನು ಸುಲಿದು, ಅದರ ಅಂಚಿನಿಂದ ಅಂಗೈಯ ಗಾಯದಿಂದ ಮೇಲಕ್ಕೆ ಮೆಲ್ಲಗೆ ಸವರುತ್ತಿದ್ದೆ. "ಮುಟ್ದೆ" ಎಂದು ಅವರು ಹೇಳಿದ ಕೊನೆಯ ಜಾಗದಲ್ಲಿ ನೀಲಿ ಶಾಯಿಯ ಚುಕ್ಕೆ. ಚುಕ್ಕೆ ಒಂದು ಅಕ್ಕಿಕಾಳಿನಷ್ಟು ಮುಂದೆ ಹೋದರೂ ತರಗತಿ ಚಪ್ಪಾಳೆ ತಟ್ಟುತ್ತಿತ್ತು. ಹೆಡ್‌ಮಾಸ್ತರು ಶನಿವಾರ ಏನೋ ನೆಪ ಮಾಡಿಕೊಂಡು ನಮ್ಮ ಕೋಣೆಯ ಮುಂದೆಯೇ ಅಡ್ಡಾಡುತ್ತಿದ್ದರು. ಅವ್ವಿ ಸಂತೆಯ ದಿನ ಅಕ್ಕೋರ ಮನೆಗೆ ಹೋಗಿ, ತಾನು ಕಾಸಿದ ಎಣ್ಣೆ ಹಚ್ಚಿ, ನಾಟಿಯ ಹಾಡು ಗುನುಗುತ್ತಾ ಬೆರಳು ಬೆರಳು ತಿಕ್ಕುತ್ತಿದ್ದಳು.

"ಎಣ್ಣೆ ಹೋಗೂದು ಚರ್ಮಕ್ಕೇ ಸೈ ಅಕ್ಕಾ, ನರಕ್ಕೆ ಕಾಯೂದೇ ಮದ್ದು" ಎಂದರಂತೆ ಅಕ್ಕೋರು.

"ಹಂಗಾರೆ ನಿಲ್ಸೂದಾ?"

"ನಿಲ್ಸೂದೆಂತಕ್ಕೆ? ಕಾಯೂಕೆ ನಂಗೂ ಒಂದು ಜೊತೆ ಬೇಕಲ್ಲ."

ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ. ನಾನು ಹೊಸ ಗಡ್ಡೆ ಸುಲಿದಿದ್ದೆ. ಚುಕ್ಕೆ ತೋರುಬೆರಳಿನ ನಡುಗೆಣ್ಣಿನ ಹತ್ತಿರ ಇತ್ತು. ತಮಾಷೆಗೆಂದು ಒಮ್ಮೆ ತುದಿಗೇ ಸಿಪ್ಪೆ ತಾಗಿಸಿದೆ. "ಮುಟ್ದೆ!" ಎಂದರು ಅಕ್ಕೋರು. ಇನ್ನೊಮ್ಮೆ. "ಹಾಂ, ಮುಟ್ದೆ!" ತರಗತಿ ಹುಚ್ಚೆದ್ದು ಕುಣಿಯಿತು. ಕರುಳಿನ ಬೆಂಚಿನವನೊಬ್ಬ ಓಡಿಹೋಗಿ ಶಾಲೆಯ ಗಂಟೆಯನ್ನೇ ಬಾರಿಸಿಬಿಟ್ಟ. ಸಣ್ಣ ತರಗತಿಯ ಮಕ್ಕಳು ಶಾಲೆ ಬಿಟ್ಟಿತೆಂದು ಪುಸ್ತಕದ ಚೀಲ ಹಿಡಿದು ಮನೆಗೆ ಹೊರಟರು.

ಅಕ್ಕೋರು ಮಾತ್ರ ಕಣ್ಣು ತೆರೆದಿರಲಿಲ್ಲ. "ಈಗ ಮುಟ್ಬೇಡ. ಹತ್ರ ಹಿಡಿ, ಅಷ್ಟೇ" ಎಂದರು. ಹಿಡಿದೆ. "ಈಗ್ಲೂ ಮುಟ್ದಂಗೇ ಅದೆ" ಎಂದರು. ಕಣ್ಣು ತೆರೆದರು. "ಬೆರಳಲ್ಲ ಇದು, ಮೂಗು. ನೀರುಳ್ಳಿ ವಾಸನೆ ಬಂದಾಗೆಲ್ಲಾ ನಾನು ಮುಟ್ದೆ ಅಂದಿದ್ದು."

ಈರುಳ್ಳಿ ಬೆಳೆಯುವ ಊರಿನವರಿಗೆ ಈರುಳ್ಳಿಯ ವಾಸನೆ ವಾಸನೆಯೇ ಅಲ್ಲ. ಆ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಅಕ್ಕೋರು ಸುಮ್ಮನಿದ್ದುಬಿಡಬಹುದಿತ್ತು, ಆ ಸಂತೋಷವನ್ನು ಒಂದು ವಾರವಾದರೂ ಇಟ್ಟುಕೊಳ್ಳಬಹುದಿತ್ತು. ಅವರು ಕೋಳಿಗರಿ ತರಿಸಿ, ಮೊದಲಿನಿಂದ ಮತ್ತೆ ನೋಡೆಂದರು. ನೋಡಿದೆ. ಗೆಣ್ಣಿನ ಹತ್ತಿರವಿದ್ದ ಚುಕ್ಕೆ ಹಿಂದೆ ಹಿಂದೆ ಸರಿದು ಬೆರಳಿನ ಬುಡಕ್ಕೆ ಬಂದು ನಿಂತಿತು. ಎಷ್ಟೋ ವಾರದ ಚಪ್ಪಾಳೆ ಸುಳ್ಳಾಯಿತು. ಅಂದು ಅವರು ನಗಲಿಲ್ಲ. ಕೊಡೆ ಮರೆತು ಹೊರಟರು. ಬಾಗಿಲಲ್ಲಿ ತಿರುಗಿ, "ಬುಡಕ್ಕಾದ್ರೂ ಬಂದದ್ದು ನಿಜ ಅಲ್ದಾ? ಅಲ್ಲಿಂದ ಲೆಕ್ಕ" ಎಂದರು. ನಾನು ಕೊಡೆ ಹಿಡಿದು ಅವರ ಹಿಂದೆ ಓಡಿದೆ.

ಆಮೇಲೆ ಚುಕ್ಕೆ ನಿಜವಾಗಿಯೇ ನಡೆಯಿತು, ಆದರೆ ಮನಸ್ಸಿಲ್ಲದ ಎತ್ತಿನ ಹಾಗೆ. ಮಾರ್ಚ್ ಬಂತು. ನಮ್ಮ ಎಸ್ಸೆಸ್ಸೆಲ್ಸಿಯ ಬೀಳ್ಕೊಡುಗೆ ಬಂತು. ಬೆರಳಿನ ತುದಿ ಇನ್ನೂ ಮರಗಟ್ಟಿಯೇ ಇತ್ತು. ನಾವು ಹೋಗುವುದರೊಳಗೆ ಆ ಕೈ ಮತ್ತೊಮ್ಮೆ ವೃತ್ತ ಎಳೆಯುವುದನ್ನು ನೋಡಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಪರೀಕ್ಷೆಯ ಹೆದರಿಕೆಯೂ ಅದರ ಮುಂದೆ ಸಣ್ಣದಾಗಿತ್ತು.

ಅಂದು ಮೇಜಿನ ಮೇಲೆ ಬಾಳೆಲೆಯಲ್ಲಿ ಪಂಚಕಜ್ಜಾಯ ಇತ್ತು. ಬೆಲ್ಲವಿದ್ದ ಮೇಲೆ ಕೇಳಬೇಕೆ, ಕೆಂಪಿರುವೆ ಸಾಲುಗಟ್ಟಿತ್ತು. ಹೆಡ್‌ಮಾಸ್ತರ ಭಾಷಣ ಮುಗಿದು, ಅಕ್ಕೋರು ಬಲಗೈಯಲ್ಲೇ ಹಂಚಲು ಶುರುಮಾಡಿದರು. ಮೂರನೆಯ ಬೆಂಚಿಗೆ ಬರುವಷ್ಟರಲ್ಲಿ "ಹಾಯ್!" ಎಂದು ಕೈ ಕೊಡವಿದರು. ಮತ್ತೆ ಕೈಯನ್ನು ಮುಖದ ಹತ್ತಿರ ತಂದು ನೋಡಿದರು. ತೋರುಬೆರಳಿನ ತುದಿಯಲ್ಲಿ ಒಂದು ಇರುವೆ ಕಚ್ಚಿ ಹಿಡಿದುಕೊಂಡಿತ್ತು.

"ಕಚ್ತು!" ಎಂದು ಕೂಗಿದರು ಅಕ್ಕೋರು. "ಕಚ್ತು ಮಕ್ಕಳೇ, ತುದಿಗೇ ಕಚ್ತು! ಅದ್ನ ಯಾರೂ ಕೊಲ್ಬೇಡಿ!"

ಹೆಡ್‌ಮಾಸ್ತರು ಗಾಬರಿಯಾಗಿ, "ಎಂತ ಕಚ್ತು? ಮದ್ದು ತನ್ನಿ, ಮದ್ದು!" ಎಂದು ಎದ್ದರು.

"ಮದ್ದು ಬೇಡ ಮಾಸ್ತರೆ, ಇನ್ನೊಂದು ಇರುವೆ ತನ್ನಿ!"

ತಂದೆವು. ಬೇಕಾದಷ್ಟು ತಂದೆವು. ಹೆಬ್ಬೆರಳಿಗೂ ಕಚ್ಚಿಸಿದೆವು. ಅಕ್ಕೋರು ಕಣ್ಣು ಮುಚ್ಚಿ "ಹಾಯ್" ಎಂದಾಗಲೆಲ್ಲ ನಾವು ಕೇಕೆ ಹಾಕಿದೆವು. ಹಾಗೇ ಅವರು ಹಲಗೆಯ ಕಡೆ ನಡೆದರು. ಸೀಮೆಸುಣ್ಣ ಎತ್ತಿಕೊಂಡರು. ಅದು ಬೀಳಲಿಲ್ಲ. ಭುಜ ತಿರುಗಿತು. ಗೆರೆ ನಡುಗುತ್ತಾ ಮೇಲೆ ಹೋಯಿತು, ಬಾಗಿತು, ಇಳಿಯಿತು, ಹೊರಟ ಜಾಗ ಇನ್ನೊಂದು ಬೆರಳಗಲ ಇದೆ ಎನ್ನುವಾಗ ನಿಂತಿತು. ಮತ್ತೆ ಹೊರಟಿತು. ಸೇರಿತು. ಅಕ್ಕೋರ ಬಾಯಿಂದ ಮಾತು ಹೊರಡಲಿಲ್ಲ, ಅವರು ಅಳುತ್ತಿದ್ದರು. ಹಾಗಾಗಿ ನಾವೇ, ಕೊಂಕಣಿ ಬರುವವರೂ ಬಾರದವರೂ, ಒಟ್ಟಿಗೇ ಕೂಗಿದೆವು: "ಜಾಲ್ಲೆಂ!"

ನಮಸ್ಕಾರ ಮಾಡಿ ಹೊರಡುವಾಗ ನೋಡಿದೆ, ಉಗುರಿನ ಸಂದಿಯಲ್ಲಿ ಬಿಳಿ ಗೆರೆ ಬಂದಿತ್ತು.

ಮುಂದೆ ಅವರು ಭಟ್ಕಳದ ಶಾಲೆಗೆ ಹೋದರು. ನಾನು ಹೊನ್ನಾವರದಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬು ಸೇರಿದೆ. ಜೀವಕೋಶ ನೋಡಿಯೇ ಅನ್ನ ಉಣ್ಣುತ್ತೇನೆ ಎಂದರೆ ಅದು ಅವರ ಋಣ. ಒಮ್ಮೆ ಒಂದು ಪುಸ್ತಕದಲ್ಲಿ ಓದಿದ್ದನ್ನು ಹೇಳಲೆಂದೇ ಬಸ್ಸು ಹತ್ತಿ ಭಟ್ಕಳಕ್ಕೆ ಹೋದೆ. ಪಕ್ಕದ ಮನೆಯ ನವಾಯತ ಮುಸ್ಲಿಮರ ಅಜ್ಜಿಯ ಹತ್ತಿರ, ಕೊಂಕಣಿಯನ್ನೇ ಹೋಲುವ ಅವರ ಮಾತಿನಲ್ಲೇ ಹರಟುತ್ತಾ ಕೂತಿದ್ದ ಅಕ್ಕೋರು ನನ್ನನ್ನು ಕಂಡು ಎದ್ದುಬಂದರು.

"ಅಕ್ಕೋರೆ, ನರದ ಕೋಶ ಹೊಸದಾಗೂದಿಲ್ಲ ಅಂದಿದ್ರಲ್ಲ, ವಾಸನೆ ಹಿಡಿಯೂ ಮೂಗಿನ ನರಕೋಶ ಮಾತ್ರ ಹೊಸದಾಗ್ತಾ ಇರ್ತದಂತೆ."

ನಗು ಮೊದಲು ಬಂತು. ಕಣ್ಣಲ್ಲಿ ನೀರು ಬರುವಷ್ಟು ಬಂತು. ಮಾತು ಆಮೇಲೆ: "ಅದಕ್ಕೇ ಮತ್ತೆ ಅಂದು ಮೋಸ ಮಾಡಿದ್ದು! ಬೆಂಚು ಬಿಟ್ಟು ಎದ್ದದ್ದು ಅದೊಂದೇ!" ಎಂದು ತಮ್ಮ ಮೂಗನ್ನು ಹಿಡಿದು ಅಲ್ಲಾಡಿಸಿದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಸಂಜೆ ಚಾ ಕುಡಿದು ಕುರ್ಚಿಗೆ ಒರಗಿದವರು ಹಾಗೇ ಹೋದರಂತೆ. ಕುಮಟಾದ ನಮ್ಮ ಶಾಲೆಯಲ್ಲಿ, ಅದೇ ಕೋಣೆಯಲ್ಲಿ, ಹಳೆಯ ವಿದ್ಯಾರ್ಥಿಗಳು ಸೇರಿದೆವು. ನಾನು ಹೋಗಿ ಮೂರನೆಯ ಬೆಂಚಿನಲ್ಲಿ ಕೂತೆ. ನಿವೃತ್ತರಾಗಿದ್ದ ಹೆಡ್‌ಮಾಸ್ತರು ಕೋಲೂರಿಕೊಂಡು ಬಂದು ನನ್ನ ಪಕ್ಕದಲ್ಲೇ, ಅಂದಿನ ಹೃದಯದ ಜಾಗದಲ್ಲಿ, ಕೂತರು. ಯಾರೋ ನಾಲ್ಕು ಮಾತಾಡಿದರು. ಆಮೇಲೆ, ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ ಎಂದರು.

ಎಲ್ಲರೂ ಎದ್ದರು. ಕರುಳಿನವರು ಎದ್ದರು, ಚರ್ಮದವರು ಎದ್ದರು, ಪೆಟ್ಟು ಬೀಳದೆ ಏಳದ ಯಕೃತ್ತಿನವರೂ ಈ ಪೆಟ್ಟಿಗೆ ಎದ್ದರು. ನನಗೆ ಏಳಲಾಗಲಿಲ್ಲ. ತಲೆಯ ಮೇಲೆ ಅಕ್ಕೋರ ಆ ಕೈ ಇತ್ತು. ಹಿಂದಿನಿಂದ ಯಾರೋ "ಏಳೇ" ಎಂದು ಭುಜ ತಿವಿದರು. ನಾನು ಏಳಲಿಲ್ಲ.

ಕೋಲೂರಿ ಕಷ್ಟಪಟ್ಟು ಎದ್ದು ನಿಂತಿದ್ದ ಹೆಡ್‌ಮಾಸ್ತರು ಕೆಳಗೆ ನನ್ನನ್ನು ನೋಡಿದರು. ಒಂದು ಕ್ಷಣ ನೋಡಿದರು. ಆಮೇಲೆ, ಮೆಲ್ಲಗೆ, ಮತ್ತೆ ನನ್ನ ಪಕ್ಕ ಕೂತರು.